ಎತ್ತಬಾರದ ಫೋನು

ಕಡಿಯಾಳಿ, ಉಡುಪಿ
9-9-2025

ಉಜ್ವಲನ ಪಪ್ಪನಿಗೆ ಸುಗಂಧಿಯ ನಮಸ್ಕಾರಗಳು.

ದಿನಾ ಫೋನಿನಲ್ಲಿ ಮಾತಾಡುವವಳಿಗೆ ಈಗ ಕಾಗದ ಬರೆಯುವ ಹುಚ್ಚೇಕೆ ಎಂದು ನಗುತ್ತೀರಿ, ಗೊತ್ತು. ನಗಿ. ನೀವು ಫೋನ್ ಮಾಡುವಾಗ ರೂಮಿನವರೆಲ್ಲ ಅಕ್ಕಪಕ್ಕದಲ್ಲೇ ಇರುತ್ತಾರೆ. ಸಾಲದ್ದಕ್ಕೆ ಹಾಸ್ಟೆಲಿನಲ್ಲಿರುವ ಮಗನನ್ನೂ ಅದೇ ಕಾಲ್‌ಗೆ ಸೇರಿಸಿಕೊಳ್ಳುತ್ತೀರಿ. ಅಷ್ಟು ಕಿವಿಗಳ ನಡುವೆ ನಾನು ಎಂತ ಹೇಳುವುದು? ಕಾಪುವಿನ ಜೋಕಿಮ್ ರಜೆ ಮುಗಿಸಿ ಇವತ್ತು ಮಸ್ಕತ್ತಿಗೆ ಹೊರಟಿದ್ದಾನೆ. ನಿಮ್ಮ ಹಪ್ಪಳ, ಉಪ್ಪಿನಕಾಯಿಯ ಜೊತೆ ಇದನ್ನೂ ಅವನ ಕೈಯಲ್ಲಿ ಕೊಡುತ್ತೇನೆ. ಬರೆಯಬೇಕೆಂದು ಕೂತು, ಎದ್ದು, ಮತ್ತೆ ಕೂತು ವಾರವೇ ಕಳೆಯಿತು. ತಡವಾಯಿತೆಂದು ಬೈಯಬೇಡಿ.

ವಾಕಿಂಗ್ ಶುರು ಮಾಡಿದ್ದೇನೆ ಎಂದಾಗ ನೀವು ನಂಬಿರಲಿಲ್ಲ. ನನ್ನ ಶುಗರಿನ ರಿಪೋರ್ಟ್ ನೋಡಿದ ದಿನವೇ ಬೇಬಿ ಟೊಂಕ ಕಟ್ಟಿದಳು. ನಮ್ಮ ಹಿಂದಿನ ಓಣಿಯಲ್ಲಿ ಬಟ್ಟೆ ಹೊಲಿಯುವ, ಹಿರಿಯಡ್ಕದ ಬೇಬಿ. ನೀವು ಹಿಂದೆ ‘ಹೆಡ್ಮಾಸ್ಟ್ರು’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

“ಮದ್ದೆಲ್ಲ ಆಮೇಲೆ. ಮೊದಲು ನಾನು ಇದ್ದೇನಲ್ಲ ಮಾರಾಯ್ತಿ, ನಾಳೆಯಿಂದ ಹೊರಡು” ಎಂದಳು.

ದೇವಸ್ಥಾನದ ಗೇಟಿನಲ್ಲಿ ಸೇರುವುದು, ಇಂದ್ರಾಳಿಯವರೆಗೆ ನಡೆಯುವುದು, ತಿರುಗಿ ಬಂದು ಅದೇ ಗೇಟಿನಲ್ಲಿ ದೇವಿಗೆ ಕೈಮುಗಿದು ಮನೆಗೆ. ಮಳೆ ಬಂದರೆ ಕೊಡೆ. ಜ್ವರ ಬಂದರೆ ಮಾತ್ರ ರಜೆ, ಅದೂ ಅವಳು ಹಣೆ ಮುಟ್ಟಿ ನೋಡಿದ ಮೇಲೆ.

ಇನ್ನೊಂದು ಕಾನೂನೂ ಉಂಟು. ಮನೆಯಿಂದ ಹೊರಡುವ ಮೊದಲು ಮಿಸ್ಡ್ ಕಾಲ್ ಕೊಡಬೇಕು, ಮತ್ತೊಬ್ಬಳು ಅದನ್ನು ಎತ್ತಬಾರದು. ಮೊದಮೊದಲು ಎತ್ತುತ್ತಿದ್ದೆವು. ‘ಎಂತ ತಿಂಡಿ?’ ಎಂದು ಶುರುವಾದರೆ, ಬಿಸಿಲು ಏರುವವರೆಗೂ ಅವಳು ಅವಳ ಅಡಿಗೆಮನೆಯಲ್ಲಿ, ನಾನು ನನ್ನ ಅಡಿಗೆಮನೆಯಲ್ಲಿ ನಿಂತೇ ಮಾತು. ನಡಿಗೆ ಅಲ್ಲಿಗೇ ಮುಗಿಯುತ್ತಿತ್ತು. “ಇನ್ನು ಸತ್ತರೂ ಎತ್ತಬೇಡ, ನಾನೂ ಎತ್ತುವುದಿಲ್ಲ” ಎಂದಳು ಬೇಬಿ. ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು.

ಇತ್ತೀಚೆಗೆ ಆ ರಸ್ತೆ ನನಗೆ ಸರಿ ಕಾಣುವುದಿಲ್ಲ. ಮಫ್ಲರ್ ಸುತ್ತಿಕೊಂಡ ಹಿರಿಯರೊಬ್ಬರು ದಿನಾ ಎದುರು ಸಿಕ್ಕಿ, “ನಡೆಯಲಿ, ನಡೆಯಲಿ” ಎಂದು ಹುರಿದುಂಬಿಸುತ್ತಿದ್ದರು. ಕೆಲವು ದಿನ ಕಾಣಲಿಲ್ಲ. ಆಮೇಲೆ ಒಂದು ಬೆಳಗ್ಗೆ ಲೈಟುಕಂಬದಲ್ಲಿ ಅವರ ಫೋಟೋ, ಮೇಲೆ ಶ್ರದ್ಧಾಂಜಲಿ ಎಂಬ ಅಕ್ಷರ. ಅದೇ ಮಫ್ಲರ್, ಅದೇ ನಗು.

“ನೋಡಬೇಡ, ಬೇಗ ನಡಿ” ಎಂದು ಬೇಬಿ ನನ್ನ ಕೈ ಎಳೆದಳು.

ಬೇಗ ನಡೆಯಲು ಹೋದೆ. ಎದೆಯ ಮೇಲೆ ಅರೆಯುವ ಕಲ್ಲು ಇಟ್ಟ ಹಾಗಾಯಿತು, ಎಡಗೈ ಜೋಮು ಹಿಡಿಯಿತು. “ಗ್ಯಾಸ್ ಅದು, ಓಮ ಜಗಿ” ಎಂದಳು. ಜಗಿದೆ. ಮರುದಿನ ಅದೇ ಕಂಬದ ಹತ್ತಿರ ಮತ್ತೆ ಹಾಗೆಯೇ ಆಯಿತು. ಈಗ ಬ್ಯಾನರ್ ತೆಗೆದಿದ್ದಾರೆ, ಕಟ್ಟಿದ ಹಗ್ಗದ ತುಂಡು ಮಾತ್ರ ನೇತಾಡುತ್ತದೆ. ಅದನ್ನು ನೆನೆದರೂ ನನ್ನ ಕಾಲು ತಡೆಯುತ್ತದೆ.

ಕಾರ್ಕಳದ ಅಕ್ಕನ ಮನೆಗೆ ಹೋಗುತ್ತೇನೆಂದು ಬೇಬಿಗೆ ಸುಳ್ಳು ಹೇಳಿ ಮಣಿಪಾಲದಲ್ಲಿ ಡಾಕ್ಟರಿಗೆ ತೋರಿಸಿ ಬಂದೆ. ಇಸಿಜಿ ನೋಡಿ ಅವರು, “ಮನೆಯಲ್ಲಿ ಯಾರಿದ್ದಾರೆ?” ಎಂದು ಕೇಳಿದರು. ನಾನೊಬ್ಬಳೇ ಎಂದೆ. ರಕ್ತನಾಳ ಕಟ್ಟಿರಬಹುದಂತೆ, ಮುಂದಿನ ವಾರ ಒಳಗಿನ ಪರೀಕ್ಷೆ ಮಾಡಬೇಕಂತೆ. “ಒಬ್ಬರೇ ಬರಬೇಡಿ” ಎಂದರು. ಅವರು ಹೇಳಿದ ರೀತಿ ನನಗೆ ಹಿಡಿಸಲಿಲ್ಲ.

ನನಗೆ ಮೊಣಗಂಟು ನೋವು ಎಂದು ಬೇಬಿಗೆ ಹೇಳಿದ್ದೇನೆ. ಗೇಟಿನವರೆಗೆ ಮಾತ್ರ ನಿಧಾನಕ್ಕೆ ಹೋಗಿ ಕೂರುತ್ತೇನೆ. ಮಿಸ್ಡ್ ಕಾಲ್ ಮಾತ್ರ ತಪ್ಪಿಸುವ ಹಾಗಿಲ್ಲ. “ನಿನ್ನ ರಿಂಗ್ ಬಂದರೆ ಸಾಕು, ಎಲ್ಲ ಸರಿ ಉಂಟು ಅಂತ ನನಗೆ ಸಮಾಧಾನ” ಎನ್ನುತ್ತಾಳೆ. ಅವಳು ಹಾಗೆ ಹೇಳುವಾಗ ನನಗೆ ಹೆದರಿಕೆಯಾಗುತ್ತದೆ.

ನೀವು ಗಾಬರಿಯಾಗಬೇಡಿ. ಪರೀಕ್ಷೆಗೆ ಅಕ್ಕನನ್ನು ಕರೆದುಕೊಂಡು ಹೋಗುತ್ತೇನೆ. ಡಿಸೆಂಬರಿನ ರಜೆ ಕೆಡಿಸಿಕೊಂಡು ಈಗ ಓಡಿ ಬರುವಂಥದ್ದು ಏನೂ ಇಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಕಡಿಯಾಳಿಯ ಅಮ್ಮ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಸುಗಂಧಿ

ಮತ್ತೆ: ಜೋಕಿಮ್ ಇನ್ನೂ ಬಂದಿಲ್ಲ, ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಡಾಕ್ಟರ ಹತ್ತಿರ ಹೋದದ್ದು ಬರೀ ಎದೆಭಾರಕ್ಕಲ್ಲ. ಚೌತಿಯ ಮರುದಿನ ಬೆಳಗ್ಗೆ ಅಡಿಗೆಮನೆಯಲ್ಲಿ ಬಿದ್ದೆ. ಏಳಲು ಆಗಲಿಲ್ಲ, ಕೂಗಲು ಉಸಿರಿರಲಿಲ್ಲ. ಫೋನ್ ಕೈಗೆ ಸಿಕ್ಕಿತು. ಬೇಬಿಗೆ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಮಾಡಿದೆ. ಅವಳು ಖುಷಿಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿರುತ್ತಾಳೆ ಎಂದು ಬಿದ್ದಲ್ಲಿಂದಲೇ ನನಗೆ ಕಾಣುತ್ತಿತ್ತು. ಗೇಟಿನಲ್ಲಿ ಕಾದು ಕಾದು, ಕೊನೆಗೆ ಬೈಯಲಿಕ್ಕೆಂದು ಮನೆಗೆ ಬಂದಳು. ಅಷ್ಟರಲ್ಲಿ ಹೇಗೋ ಎದ್ದು ಕೂತಿದ್ದೆ. “ರಿಂಗ್ ಕೊಟ್ಟು ಕೊಟ್ಟು ಇಲ್ಲಿ ಕೂತಿದ್ದೀಯಾ?” ಎಂದಳು. ತಲೆ ತಿರುಗಿತು ಎಂದೆ. ನನಗೆ ಏನಾದರೂ ಸರಿ, ಅವಳಿಗೆ ಇದನ್ನು ಯಾವತ್ತೂ ಹೇಳಬೇಡಿ.

ಅವಳು ಎತ್ತದಿದ್ದಾಗ ನಿಮಗೂ ಮಾಡಿದ್ದೆ. ನಮ್ಮದೂ ಅದೇ ಕಾನೂನಲ್ಲವಾ, ಇಷ್ಟು ವರ್ಷದಿಂದ? ನಾನು ರಿಂಗ್ ಕೊಡುವುದು, ನೀವು ಪುರುಸೊತ್ತಾದಾಗ ತಿರುಗಿ ಮಾಡುವುದು. ಆ ದಿನವೂ ಡ್ಯೂಟಿ ಮುಗಿಸಿ ಸಂಜೆ ಮಾಡಿದಿರಿ. “ಎಂತ ವಿಶೇಷ?” ಎಂದು ಕೇಳಿದಿರಿ. ಎಂತ ಇಲ್ಲ, ಸುಮ್ಮನೆ ಎಂದೆ.

ಡಿಸೆಂಬರ್ ತುಂಬಾ ದೂರ ಉಂಟು. ಮೇಲೆ ಬರೆದದ್ದನ್ನು ಬಿಡಿ. ಇದನ್ನು ಓದಿ ಫೋನ್ ಮಾಡಬೇಡಿ, ಬನ್ನಿ.