ನೆರಳಿಲ್ಲದ ದಿನ

ಬೈಲಹೊಂಗಲ
ಮೇ 5, 2025

ಚಿರಂಜೀವಿ ಶೀತಲಗೆ,

ಆಶೀರ್ವಾದ ಕೊನೆಗೆ. ಮೊದಲು ಜಗಳ.

ಫೋನಿನಲ್ಲಿ ಮಾತಾಡಿದರೆ ನನ್ನ ದನಿ ಏರುತ್ತದೆ, ನೀನು ಕಟ್ ಮಾಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಶನಿವಾರ ಸವದತ್ತಿಯ ಮೈದಾನದಲ್ಲಿ, ಅಷ್ಟು ಮಂದಿಯ ಎದುರು, "ಬಿಚ್ರಿ ಇದನ್ನ! ನನಗ ಯಾರ ನೆರಳೂ ಬ್ಯಾಡ!" ಎಂದು ಕೂಗಿದೆಯಲ್ಲ, ಆ ಮಾತನ್ನು ಪೆಂಡಾಲಕ್ಕೆ ಹೇಳಿದೆಯೋ, ನನಗೆ ಹೇಳಿದೆಯೋ?

ಹೌದು, ಆ ಪೆಂಡಾಲ ನನ್ನದು.

ಕಾಂತೇಶ ನಮ್ಮ ಜಾತಿಯವನಲ್ಲ ಎಂದು ನಿನ್ನ ಮದುವೆಯ ದಿನ ನಾನು ಬಾಗಿಲು ಹಾಕಿದೆ. ನೀನೂ ತಿರುಗಿ ನೋಡಲಿಲ್ಲ. ನನ್ನ ಮಗಳಲ್ಲವೇ, ಹಟ ಎಲ್ಲಿಂದ ಬಂತೆಂದು ಬೇರೆಯವರನ್ನು ಕೇಳಬೇಕಿಲ್ಲ. ಹೀಗಿರುವಾಗ ನಮ್ಮ ಟೆಂಪೋ ಓಡಿಸುವ ದುಂಡಪ್ಪ ಕಳೆದ ವಾರ ಮೊಬೈಲ್ ಹಿಡಿದು ಬಂದ. ನಿಮ್ಮ ವಿಜ್ಞಾನ ಬಳಗದ ಜಾಹೀರಾತು, ಕೆಳಗೆ ನಿನ್ನ ಹೆಸರು. "ಶನಿವಾರ ನೆರಳಿಲ್ಲದ ದಿನ. ಮಕ್ಕಳೊಂದಿಗೆ ಮಧ್ಯಾಹ್ನ ಮೈದಾನಕ್ಕೆ ಬನ್ನಿ."

ನೀನೇ ಹೇಳು, ಜೀವನವಿಡೀ ಪೆಂಡಾಲ ಹಾಕಿದವನಿಗೆ ಇದು ಹೇಗೆ ಅರ್ಥವಾಗಬೇಕು? ಮೇ ತಿಂಗಳ ಬಿಸಿಲು, ಸಣ್ಣ ಮಕ್ಕಳು; ಪೆಂಡಾಲಕ್ಕೆ ಗತಿಯಿಲ್ಲದೆ, ನೆರಳಿರುವುದಿಲ್ಲವೆಂದು ಪಾಪ ಹುಡುಗಿ ಮೊದಲೇ ತಿಳಿಸಿದ್ದಾಳೆ ಎಂದುಕೊಂಡೆ. ನಿನ್ನ ಅವ್ವ ಓದಿ ಕಣ್ಣೊರೆಸಿಕೊಂಡಳು. "ಊರ ಮಂದಿಗೆಲ್ಲಾ ನೆರಳ ಮಾಡ್ತೀರಿ, ಹೊಟ್ಟೀಲೆ ಹುಟ್ಟಿದಾಕಿನ್ನ ಬಿಸಲಾಗ ನಿಂದ್ರಸ್ತೀರೇನ್ರಿ?" ಅಂದಳು. ಸತ್ತೇ ಹೋದೆ ನಾನು.

ಶನಿವಾರ ಬೆಳಿಗ್ಗೆಯೇ ದುಂಡಪ್ಪನೂ ನಾನೂ ಟೆಂಪೋದಲ್ಲಿ ಪೆಂಡಾಲದ ಹೊಸ ಬಟ್ಟೆ ಹೇರಿಕೊಂಡು ಬಂದು ಮೈದಾನದ ತುಂಬ ಪೆಂಡಾಲ ಹಾಕಿದೆವು. ಕಾವಲುಗಾರನಿಗೆ "ಸಾಲಿ ಅಕ್ಕೋರು ಹೇಳ್ಯಾರ" ಎಂದು, ನೀನೇ ಹೇಳಿಕಳಿಸಿದಂತೆ, ಸುಳ್ಳು ಬಿಟ್ಟೆ. ನಿನ್ನನ್ನು ಹೇಗೆ ಮಾತಾಡಿಸಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಆಮೇಲೆ ನೀವೆಲ್ಲ ಬಂದಿರಿ. ಕೋಲು, ದುರ್ಬೀನು, ಮಕ್ಕಳ ಸಾಲು. ಪೆಂಡಾಲ ನೋಡಿ ನಿನ್ನ ಮುಖ ಕಪ್ಪಿಟ್ಟಿತು. "ಅಯ್ಯ, ಯಾರ್ರಿ ಇದನ್ನ ಹಾಕಿದವ್ರು? ಸೂರ್ಯ ನೆತ್ತಿ ಮ್ಯಾಲ ಬರಾಕ ಹತ್ತ್ಯಾನ!" ಎಂದೆ. ಅದರ ಬೆನ್ನಿಗೇ ಆ ಮಾತು. ಪೆಂಡಾಲದ ಅಂಚಿಗೆ ಇಳಿಬಿಟ್ಟ ಝಾಲರಿನ ಮೇಲೆ ನಮ್ಮ ಅಂಗಡಿಯ ಹೆಸರು ಕೆಂಪಕ್ಷರದಲ್ಲಿ ಇತ್ತಲ್ಲ, ಓದಿದೆಯೋ ಇಲ್ಲವೋ?

ನಾನು ಮುಖಕ್ಕೆ ಟವೆಲ್ ಸುತ್ತಿಕೊಂಡು ಹಗ್ಗಕ್ಕೆ ಕೈ ಹಾಕಿದೆ. ಗಾಳಿಗೆ ಹಾರಬಾರದೆಂದು ನಾನೇ ಬಿಗಿದ ಗಂಟು, ಏನು ಮಾಡಿದರೂ ಸಡಿಲಾಗಲೊಲ್ಲದು. ನೀನು ಹತ್ತಿರ ಓಡಿ ಬಂದೆ. "ಕಾಕಾ, ಕೈ ಮುಗೀತೇನಿ, ಲಗೂ ಬಿಚ್ರಿ. ಈ ಹೊತ್ತು ತಪ್ಪಿದ್ರ ಮಕ್ಕಳಿಗೆ ಏನ್ ತೋರಸ್ಲಿ?" ಅಂದೆ. ಕಾಕಾ! ಹೆತ್ತ ಅಪ್ಪನಿಗೆ ಕಾಕಾ! ಟವೆಲ್ ಕಿತ್ತೆಸೆದು ಬೈದುಬಿಡಬೇಕೆನಿಸಿತು. ಆದರೆ ನಿನ್ನ ದನಿ ನಡುಗುತ್ತಿತ್ತು. ಹಲ್ಲಿನಿಂದ ಗಂಟು ಕಚ್ಚಿ ಎಳೆದೆ. ಬಟ್ಟೆ ಕೆಳಗೆ ಬಿತ್ತು, ಮೈದಾನದ ತುಂಬ ಬಿಸಿಲಾಯಿತು.

ಮಕ್ಕಳು ಕೋಲು ನಿಲ್ಲಿಸಿದರು. ಅದರ ನೆರಳು ಗಿಡ್ಡಾಗುತ್ತ ಗಿಡ್ಡಾಗುತ್ತ ಬುಡದಲ್ಲಿ ಸೇರಿಕೊಂಡಿತು. ಮಂದಿ ಹೋ ಎಂದರು. ನಾನು ಟೆಂಪೋದ ಹಿಂದೆ ನಿಂತು ಕಾಲಡಿ ನೋಡಿದೆ. ನನ್ನದೂ ಪಾದದ ಕೆಳಗೇ ಅಡಗಿತ್ತು. ನೆರಳಿಲ್ಲ ಎಂದರೆ ಇದಾ ಎಂದು ಆಗ ತಲೆಗೆ ಹೋಯಿತು. ಅದು ಯಾಕೆ ಹೀಗೆಂದು ನೀನು ಮೈಕಿನಲ್ಲಿ ಹೇಳಿದ್ದು ಅರ್ಧ ತಿಳಿಯಿತು, ಅರ್ಧ ಇಲ್ಲ. ಇವಳು ನನ್ನ ಮಗಳು ಎಂದು ಪಕ್ಕದವನಿಗೆ ಹೇಳಲು ಬಾಯಿ ತೆರೆದೆ. ಟವೆಲನ್ನು ಮತ್ತೆ ಬಿಗಿದುಕೊಂಡೆ. ಹಾಗೇ ಟೆಂಪೋ ಹತ್ತಿದೆ.

ಆಗಸ್ಟಿನಲ್ಲಿ ಸೂರ್ಯ ದಕ್ಷಿಣಕ್ಕೆ ಮರಳುವಾಗ ಇಂಥದೇ ದಿನ ಇನ್ನೊಮ್ಮೆ ಬರುತ್ತದೆ ಎಂದೆಯಲ್ಲ, ಅದು ಮಾತ್ರ ಪೂರ್ತಿ ಕೇಳಿಸಿತು. ಬರಲೇನು? ಬರಿಗೈಯಲ್ಲಿ ಬರುತ್ತೇನೆ, ಮೋಡ ಕವಿದಿದ್ದರೂ ಬರುತ್ತೇನೆ. ಆ ಮಾತು ನನಗೇ ಹೇಳಿದ್ದಾದರೆ ಹಾಗೆಂದೇ ಬರೆ, ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ಉತ್ತರ ಬರೆಯದೆ ಮಾತ್ರ ಕೂಡಬೇಡ.

ಈಗ ಆಶೀರ್ವಾದ.

ನಿನ್ನ ಅಪ್ಪ, ಕಾಕಾ ಅಲ್ಲ,
ನಿಜಗುಣಪ್ಪ

ತಾ.ಕ.: ಕಾಂತೇಶನನ್ನು ಬೈಯಬೇಡ. ಮೈದಾನದಲ್ಲಿ ನಿನ್ನ ಹಿಂದೆಯೇ ಇದ್ದ ಅವನು ನನ್ನನ್ನು ಆಗಲೇ ಗುರುತು ಹಿಡಿದಿದ್ದ. ಹೇಳಬೇಡ ಎಂದು ನಾನೇ ಕಣ್ಸನ್ನೆ ಮಾಡಿದೆ. ಟೆಂಪೋ ಹತ್ತುವಾಗ ತಂಬಿಗೆಯಲ್ಲಿ ನೀರು ತಂದ. ನಾನು ಮುಟ್ಟುತ್ತೇನೋ ಇಲ್ಲವೋ ಎಂದು ಅನುಮಾನಿಸಿ, ಹಲಗೆಯ ಮೇಲಿಟ್ಟು ಸರಿದು ನಿಂತ. "ಅಲ್ಲ್ಯಾಕ ಇಟ್ರಿ? ಕೈಯಾಗ ಕೊಡ್ರಿ, ಅಳಿಯಾರ" ಅಂದೆ. ಕೊಟ್ಟ. ಕುಡಿದೆ.