ಗೇಟಿನ ಹಸಿರು ಗುರುತು

ಹದಿನಾಲ್ಕು, ಗುರುವಾರ.

ಮಗಳು ಬರೆದ ಆ್ಯಪ್ ಇವತ್ತು ನಮ್ಮ ನೀರಿನ ಸ್ಥಾವರದಲ್ಲಿ ಶುರುವಾಯಿತು. ಎಲ್ಲರ ಫೋನಿನಲ್ಲೂ ನೀರಿನ ಗೇಟುಗಳ ಒಂದೇ ನಕ್ಷೆ. ಗೇಟು ಮುಚ್ಚಿದವರು ಒತ್ತಿದರೆ ಎಲ್ಲರಿಗೂ ಹಸಿರು ಕಾಣಬೇಕು, ತೆರೆದವರು ಒತ್ತಿದರೆ ಕೆಂಪು. ಹಸಿರು ಕಂಡರೆ ಭಾವಮೈದ ದೊಡ್ಡ ಕೊಳವೆಯೊಳಗೆ ಇಳಿದು ತೊಳೆಯುತ್ತಾನೆ.

ಪ್ರತಿ ಸಲ ಸರ್ವರ್ ಕಂಪ್ಯೂಟರನ್ನೇ ಕೇಳುವ ಹಾಗೆ ಮಾಡೋಣವೆಂದರೆ ನೆಲಮಾಳಿಗೆಯಲ್ಲಿ ಸಿಗ್ನಲ್ ಇಲ್ಲ. ಅದಕ್ಕೇ ಒಂದೊಂದು ಫೋನೂ ನಕ್ಷೆಯ ತನ್ನದೇ ಪ್ರತಿ ಇಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಉಳಿದವುಗಳ ಜೊತೆ ಹೊಂದಿಸಿಕೊಳ್ಳುತ್ತದಂತೆ.

"ಇವೆಂಚುಯಲಿ ಎಲ್ಲಾ ಒಂದಾಗುತ್ತೆ ಅಪ್ಪಾ."

"ಅಷ್ಟರೊಳಗೆ ನಿನ್ನ ಮಾವ ತೇಲಿಕೊಂಡು ಬಂದರೆ?"

"ಬಿಡ್ತು ಅನ್ನು!"

ಆ ಇವೆಂಚುಯಲಿ ಅನ್ನುವ ಪದವನ್ನು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಬಿಡಿಸಿ ಹೇಳಿದ್ದರು, ಕೊನೆಗೊಮ್ಮೆ ಅಂತಲೋ ಏನೋ. ಕೊನೆ ಯಾವಾಗ ಅಂತ ಹೇಳಿದ ನೆನಪಿಲ್ಲ.

ಹೆಂಡತಿ ಬದುಕಿದ್ದಾಗ, ಗ್ಯಾಸ್ ಆರಿಸಿದ್ದೀನಿ ಕಣೇ ಅಂದರೂ ಹೋಗಿ ಕೈಯಿಂದ ಮುಟ್ಟಿ ನೋಡಿ ಬರುತ್ತಿದ್ದಳು. ನಾನು ನಗುತ್ತಿದ್ದೆ.

ಮಧ್ಯಾಹ್ನ ಭಾವಮೈದ ಕೆಳಗೆ ನೆಲಮಾಳಿಗೆಯಲ್ಲಿ ಗೇಟು ಮುಚ್ಚಿ ಒತ್ತಿದ್ದ. ಸಂಜೆ ನಾನೇ ಚಕ್ರ ತಿರುಗಿಸಿ ತೆರೆದು, ಮೇಲೆ ಬಂದು ಒತ್ತಿದೆ. ಕೆಂಪಾಯಿತು. ಊಟಕ್ಕೆ ಕೂತಾಗ ನೋಡಿದರೆ ಹಸಿರು! ಅವನ ಫೋನಿಗೆ ಸಿಗ್ನಲ್ ಸಿಕ್ಕಿ, ಮಧ್ಯಾಹ್ನ ಒತ್ತಿದ್ದು ಆಗ ಬಂದು ಸೇರಿತ್ತು, ಕೊನೆಗೆ ಬಂದದ್ದೇ ನಿಜವಾಗಿಬಿಟ್ಟಿತ್ತು.

ಮಗಳು ಕೂತು ಸರಿ ಮಾಡಿದಳು, ನನ್ನದರಲ್ಲಿ ಕೆಂಪು ಬಂತು. ಹೇಳೋಣವೆಂದು ಕರೆ ಮಾಡಿದರೆ ಅವನ ಫೋನ್ ಸ್ವಿಚ್ ಆಫ್. ಅದರೊಳಗೆ ಇನ್ನೂ ಹಸಿರೇ ಇರಬೇಕು. ಬೆಳಗ್ಗೆ ಆ ಗೇಟಿನಿಂದಲೇ ದೊಡ್ಡ ಕೊಳವೆಗೆ ನೀರು ನುಗ್ಗುವುದು, ಮೊದಲ ಪಾಳಿ ಅವನದೇ.

ಗೇಟಿನ ಚಕ್ರಕ್ಕೆ ಹಾಕಲು ಒಂದು ಬೀಗವನ್ನು ಚಪ್ಪಲಿಯ ಪಕ್ಕ ಇಟ್ಟಿದ್ದೇನೆ. ನಸುಕಿಗೇ ಹೋಗಿ, ಅವನಿಗಿಂತ ಮೊದಲು, ಚಕ್ರವನ್ನು ಕೈಯಿಂದ ಮುಟ್ಟಿ ನೋಡಬೇಕು. ಆದರೆ ಅವನು ಯಾವತ್ತೂ ನನಗಿಂತ ಬೇಗ ಬಂದುಬಿಡುತ್ತಾನೆ.