ಒಬ್ಬ ಲೆಫ್ಟ್ ವಿಂಗರ್‌ಗೆ ಆರುನೂರ ನಲವತ್ತು ಮಾರು ಗೋಡೆ

ಹೊಸಕೋಡಿ,
ಫೆಬ್ರವರಿ ಮೂವತ್ತು, ೨೧೮೭

ನಮಗಿಂತ ನೂರ ಅರವತ್ತು ವರ್ಷ ಹಿರಿಯರಾದ, ಫುಟ್‌ಬಾಲ್ ಪ್ರಿಯರಾದ ನಿಮಗೆ ಸಲಾಂ.

ತಾರೀಕು ಕಂಡು ನಗಬೇಡಿ. ಉಬ್ಬರ ಇಳಿತಕ್ಕೆ ಹೊಂದುವಂತೆ ತಿಂಗಳುಗಳನ್ನು ಸರಿಪಡಿಸಿಕೊಂಡಾಗ ನಿಮ್ಮ ಬಡಪಾಯಿ ಫೆಬ್ರವರಿಗೂ ನಾವು ಮೂವತ್ತು ದಿನ ಕೊಟ್ಟೆವು. ಇನ್ನು ನನ್ನ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಕಲಿತದ್ದು ನಮ್ಮ ಕ್ಲಬ್ಬಿನ ಕಪಾಟಿನಲ್ಲಿ ಯಾರೋ ಲ್ಯಾಮಿನೇಟ್ ಮಾಡಿಸಿಟ್ಟ ಕ್ರೀಡಾ ಪುಟಗಳಿಂದ. ನನ್ನ ವಾಕ್ಯಗಳಲ್ಲಿ ನಡುನಡುವೆ ಪಂದ್ಯದ ವರದಿಯ ಗತ್ತು ಬಂದರೆ ಅದು ನಿಮ್ಮದೇ ತಪ್ಪು. ಕಾಗದ ಹಿಂದಕ್ಕೆ ಹೇಗೆ ಬಂತು ಎಂದು ಕೇಳಬೇಡಿ; ಬಂದಿದೆ, ಓದಿ. ನನ್ನ ಹೆಸರು ಮಿಸ್ರಿಯಾ. ವಯಸ್ಸು ಇಪ್ಪತ್ತಮೂರು. ಹೊಸಕೋಡಿ ಕ್ಲಬ್ಬಿಗೆ ಲೆಫ್ಟ್ ವಿಂಗ್ ಆಡುತ್ತೇನೆ. ಈ ತಿಂಗಳು ನನ್ನನ್ನು ಕೊಳ್ಳಲು ಬಂದಿದ್ದರು. ಆ ಸುದ್ದಿಯನ್ನು ಬೇರೆ ಯಾರಾದರೂ ಉಪ್ಪು ಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ನಮ್ಮ ಊರು ಮೊದಲು ಇದ್ದ ಜಾಗದಲ್ಲಿ ಈಗ ಬಂಗುಡೆ ಮೀನು ಓಡಾಡುತ್ತದೆ. ಸಮುದ್ರ ಮುಂದೆ ಬಂದಾಗ ಇಡೀ ಊರು ಹಿಂದೆ ಹೋಗುವುದಕ್ಕೆ ನಾವು ಹಿಂದೆಗೆತ ಎನ್ನುತ್ತೇವೆ. ಈವರೆಗೆ ಮೂರು ಹಿಂದೆಗೆತ ಆಗಿದೆ. ಮನೆಗಳನ್ನು ಬಿಚ್ಚಿ ಕಟ್ಟಲು ಬರುವಂತೆ ಹಲಗೆ ಮತ್ತು ಬೋಲ್ಟಿನಲ್ಲಿ ಮಾಡಿಕೊಂಡಿದ್ದೇವೆ; ಹೆಂಚು ಇಳಿಸುವುದರಲ್ಲಿ ನಮ್ಮ ಹೆಂಗಸರನ್ನು ಮೀರಿಸುವವರಿಲ್ಲ. ಇಳಿತದ ಹೊತ್ತಿಗೆ ಸಿಗುವ ಗಟ್ಟಿ ಮರಳೇ ನಮ್ಮ ಮೈದಾನ. ಎರಡನೇ ಅರ್ಧ ಮುಗಿಯುವ ಮೊದಲೇ ನೀರು ಬಂದರೆ ಪಂದ್ಯ ನಿಲ್ಲುವುದಿಲ್ಲ, ಮೊಣಕಾಲು ಮುಳುಗುವವರೆಗೂ ಆಡುತ್ತೇವೆ. ಆಟ ಮುಗಿದ ಮೇಲೆ ಗಂಜಿ, ಒಣಮೀನಿನ ಚಟ್ನಿ. ಹೀಗೆ ಒದ್ದೆ ಮರಳಿನಲ್ಲಿ ಓಡಿ ಬೆಳೆದ ಕಾಲಿಗೆ ಒಣ ನೆಲ ಕೊಟ್ಟರೆ ಆ ಕಾಲು ಯಾರ ಹಿಡಿತಕ್ಕೂ ಸಿಗುವುದಿಲ್ಲ. ಇದು ಘಟ್ಟದ ಮೇಲಿನ ಕ್ಲಬ್ಬುಗಳಿಗೆ ಬಹಳ ಹಿಂದೆಯೇ ಗೊತ್ತಾಗಿದೆ. ಅವರ ಬಳಿ ಇರುವುದು ಕಲ್ಲಿನ ಕ್ವಾರಿಗಳು, ನಮ್ಮ ಬಳಿ ಇರುವುದು ಕಾಲುಗಳು. ಆದ್ದರಿಂದ ಆಟಗಾರರ ವರ್ಗಾವಣೆ ಶುಲ್ಕ ನಮ್ಮಲ್ಲಿ ದುಡ್ಡಿನಲ್ಲಿಲ್ಲ, ತಡೆಗೋಡೆಯಲ್ಲಿದೆ. ಅಳತೆ ಮಾರಿನಲ್ಲಿ. ಎರಡೂ ಕೈ ಚಾಚಿ ನಿಂತರೆ ಒಂದು ಮಾರು, ಅದು ನಿಮಗೂ ಗೊತ್ತಿರಬೇಕು. ಒಳ್ಳೆಯ ಗೋಲ್‌ಕೀಪರ್‌ಗೆ ಮೂವತ್ತು ಮಾರು ಗೋಡೆ, ಸ್ಟ್ರೈಕರ್‌ಗೆ ಐವತ್ತು. ಆಟಗಾರ ಮೇಲೆ ಹೋಗುತ್ತಾನೆ, ಕಲ್ಲು ಕೆಳಗೆ ಬರುತ್ತದೆ, ಗೋಡೆಯ ಮೇಲೆ ಅವನ ಹೆಸರು ಬರೆಯುತ್ತಾರೆ.

ನೀವು ಅಯ್ಯೋ ಪಾಪ ಎಂದು ಲೊಚಗುಟ್ಟುವುದು ಬೇಡ. ನಿಮ್ಮ ಪುಟಗಳನ್ನು ನಾನು ಓದಿದ್ದೇನೆ. ದಾಖಲೆ ಮೊತ್ತಕ್ಕೆ ಖರೀದಿ ಎಂದು ಅಂಗೈಯಗಲದ ಅಕ್ಷರ. ಕೆಳಗೆ ಹೊಸ ಅಂಗಿ ಹಿಡಿದು ಹಲ್ಲು ಬಿಡುತ್ತಿರುವ ಹುಡುಗ. ಅದರ ಪಕ್ಕದಲ್ಲಿ ಬಿಕರಿಯಾಗದೆ ಉಳಿದವರ ಪಟ್ಟಿ, ಸಂತೆಯಲ್ಲಿ ಉಳಿದ ಬದನೆಕಾಯಿಯ ಹಾಗೆ. ಅಷ್ಟು ಕೋಟಿ ಕೊಟ್ಟು ತಂದವನು ಎರಡು ಪಂದ್ಯದಲ್ಲಿ ಗೋಲು ಹೊಡೆಯದಿದ್ದರೆ ದಂಡ, ಮೋಸ ಎಂದು ನೀವೇ ಬೈದಿದ್ದೀರಿ. ನಾವು ಮೊತ್ತವನ್ನು ಕಲ್ಲಿಗೆ ಬದಲಾಯಿಸಿದೆವು, ಅಷ್ಟೇ. ಮಾತುಗಳೆಲ್ಲ ನಿಮ್ಮಿಂದ ಬಂದವು.

ನಮ್ಮ ಊರಿನ ಗೋಡೆಗಳಲ್ಲಿ ಹೆಸರುವಾಸಿಯಾದದ್ದು ಇದಿನಬ್ಬಣ್ಣನ ನಲವತ್ತು ಮಾರು. ಅವರು ಹತ್ತೊಂಬತ್ತನೇ ವಯಸ್ಸಿನಲ್ಲಿ ಘಟ್ಟದ ಮೇಲಿನ ಬಂಡೆಕೋಟೆ ಕ್ಲಬ್ಬಿಗೆ ಹೋದರು. ಅದಾಗಿ ಇಪ್ಪತ್ತೆಂಟು ವರ್ಷ. ನಾಲ್ಕು ವರ್ಷ ಆಡಿದರಂತೆ, ಮಂಡಿ ಹೋಯಿತಂತೆ, ಈಗ ಅಲ್ಲಿಯೇ ಹುಲ್ಲು ಕತ್ತರಿಸುತ್ತಾರಂತೆ. ಒಂದು ಸಲವೂ ಊರಿಗೆ ಬರಲಿಲ್ಲ. ಘಟ್ಟದ ಗಾಳಿ ತಾಗಿ ದೊಡ್ಡವನಾಗಿಬಿಟ್ಟ ಎಂದು ಊರು ಮೂಗು ಮುರಿಯಿತು. ಅವರ ತಾಯಿ ಬೀಪಾತುಮ್ಮ ಮಾತ್ರ ಮಗನನ್ನು ದೂರಲಿಲ್ಲ. ಗೋಡೆಯ ಹಿಂದಿನ ಮೊದಲ ಮನೆ ಅವರದು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಚಿಪ್ಪು ಸುಟ್ಟು ಸುಣ್ಣ ಮಾಡಿ, ಗಾರೆ ಕಲಸಿ, ಮಗನ ಗೋಡೆಯ ಸಂದುಗಳನ್ನು ತಾವೇ ತುಂಬುತ್ತಿದ್ದರು. ಎಪ್ಪತ್ತೊಂದರ ವಯಸ್ಸಿನಲ್ಲೂ ಏಣಿ ಹತ್ತುತ್ತಿದ್ದರು. ಉಳಿದವರ ಗೋಡೆಗಳು ಐದು ಹತ್ತು ವರ್ಷಕ್ಕೆ ಕುಸಿದವು. ಇದೊಂದು ನಿಂತೇ ಇತ್ತು. "ನನ್ನ ಮಗ ಬರದಿದ್ರೆ ಬೇಡ, ಅವನ ಹೆಸರಿನ ಒಂದು ಕಲ್ಲು ಅಲುಗ್ಲಿಕ್ಕೆ ನಾನು ಬಿಡುದಿಲ್ಲ" ಎನ್ನುತ್ತಿದ್ದರು.

ಈ ತಿಂಗಳ ಎರಡನೇ ವಾರ ಅದೇ ಬಂಡೆಕೋಟೆಯ ಮಧ್ಯಸ್ಥ ನನ್ನನ್ನು ಕೇಳಿಕೊಂಡು ಬಂದ. ಆರುನೂರ ನಲವತ್ತು ಮಾರು. ಕರಾವಳಿಯ ಚರಿತ್ರೆಯಲ್ಲಿ ಅಂಥ ಮೊತ್ತ ಯಾರಿಗೂ ಬಂದಿರಲಿಲ್ಲ. ಊರಿನ ಈ ತುದಿಯಿಂದ ಆ ತುದಿಯವರೆಗೆ, ಮುನ್ನೂರು ಮನೆಗೆ ಗೋಡೆ. ನಾಲ್ಕನೇ ಹಿಂದೆಗೆತ ಬೇಕಾಗಿಲ್ಲ. ಕ್ಲಬ್ಬಿನ ಅಧ್ಯಕ್ಷರಾದ ವಾಮನ ಕರ್ಕೇರರು ನನ್ನನ್ನು ಕೇಳುವ ಮೊದಲೇ ಗರ್ನಾಲು ಪಟಾಕಿ ಹೊಡೆಸಿದರು. ನಮ್ಮ ಪದ್ಧತಿ ಹಾಗೆಯೇ: ಇಳಿತದ ಮೈದಾನದಲ್ಲಿ ಊರು ಸೇರುತ್ತದೆ, ಅಧ್ಯಕ್ಷರು ಕರಾರಿನ ಮೊದಲ ಪುಟ ಓದುತ್ತಾರೆ, ಎಷ್ಟು ಮಾರು ಎಂದ ಕೂಡಲೇ ಜನ ಕೂಗುತ್ತಾರೆ, ಆ ಗದ್ದಲದಲ್ಲಿ ಆಟಗಾರ ಸಹಿ ಹಾಕುತ್ತಾನೆ. ನನಗೂ ಒಳಗೊಳಗೆ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ದಾಖಲೆ ಎಂದರೆ ಯಾರಿಗೆ ಬೇಡ? ಪೆನ್ನು ಕೈಯಲ್ಲಿ ಹಿಡಿದಿದ್ದೆ. ಆದರೆ ನಾನು ನಿಮ್ಮ ಕ್ರೀಡಾ ಪುಟಗಳನ್ನು ಕೊನೆಯ ಜಾಹೀರಾತಿನವರೆಗೆ ಓದಿ ಬೆಳೆದವಳು. ಕೈಗೆ ಬಂದ ಕಾಗದವನ್ನು ಪೂರ್ತಿ ಓದದೆ ಬಿಡುವ ಅಭ್ಯಾಸವಿಲ್ಲ. ಪುಟ ತಿರುಗಿಸಿದೆ.

"ಎಂತ ಓದುದು ಮಾರಾಯ್ತಿ, ನೀರು ಬರ್ತಾ ಉಂಟು, ಬೇಗ ಹಾಕು" ಎಂದರು ಕರ್ಕೇರರು. ಅವರ ಮುಖ ಕಂಡೇ ನನಗೆ ಅನುಮಾನ ಬಂತು. ಶರತ್ತು ಮೂರನೇ ಪುಟದಲ್ಲಿತ್ತು. ನಾನು ಗಟ್ಟಿಯಾಗಿ, ಹಿಂದೆ ನಿಂತವರಿಗೂ ಕೇಳುವಂತೆ ಓದಿದೆ: ಶುಲ್ಕವಾಗಿ ಕಟ್ಟಿಕೊಟ್ಟ ಗೋಡೆ ಎಷ್ಟು ಕಾಲ ನಿಂತಿರುತ್ತದೋ ಅಷ್ಟು ಕಾಲ ಆಟಗಾರರು ಕೊಂಡ ಕ್ಲಬ್ಬಿನ ವಶದಲ್ಲಿರತಕ್ಕದ್ದು, ಆಡಲಿ ಆಡದಿರಲಿ ಆ ಕ್ಲಬ್ಬಿನ ಊರು ಬಿಟ್ಟು ಹೋಗತಕ್ಕದ್ದಲ್ಲ, ಗೋಡೆ ಬಿದ್ದ ದಿನ ಆಟಗಾರರು ಸ್ವತಂತ್ರರು.

ಇದಿನಬ್ಬಣ್ಣನ ಗೋಡೆ ಇಪ್ಪತ್ತೆಂಟು ವರ್ಷದಿಂದ ನಿಂತೇ ಇತ್ತು. ಎಲ್ಲರೂ ಬೀಪಾತುಮ್ಮನ ಕಡೆ ನೋಡಿದರು, ಕೂಡಲೇ ಕಣ್ಣು ಬೇರೆ ಕಡೆ ತಿರುಗಿಸಿದರು. ಮುದುಕಿ ತಮ್ಮ ಎರಡೂ ಅಂಗೈಯನ್ನು ನೋಡಿಕೊಳ್ಳುತ್ತಿದ್ದರು. ಸುಣ್ಣ ತಿಂದು ಸೀಳಿದ ಅಂಗೈ. ಆಮೇಲೆ ಕರ್ಕೇರರನ್ನು ಕೇಳಿದರು, ಮೆಲ್ಲಗೆ, ಮೀನಿನ ಬೆಲೆ ಕೇಳುವ ದನಿಯಲ್ಲಿ. "ವಾಮನ, ನಿಂಗೆ ಗೊತ್ತಿತ್ತಾ?"

ಕರ್ಕೇರರು ತಲೆ ತಗ್ಗಿಸಿದರು. "ಗೊತ್ತಿತ್ತು ಬೀಪಾತಕ್ಕ. ಗೋಡೆಯ ಹಿಂದೆ ಹನ್ನೆರಡು ಮನೆ ಉಂಟು. ನನ್ನದೂ ಉಂಟು."

ಅಷ್ಟು ಹೊತ್ತಿಗೆ ನಮ್ಮ ಊರಿನ ಸಿಸಿಲ್ಯಾ ಬಾಯಿಗೆ ಸಿಟ್ಟು ನೆತ್ತಿಗೇರಿತ್ತು. ಕಳೆದ ವರ್ಷವಷ್ಟೇ ಮನೆಗೆ ಹೊಸ ಹಲಗೆ ಹಾಕಿಸಿದವಳು ಅವಳು. ಅದನ್ನು ಮತ್ತೆ ಬಿಚ್ಚುವುದು ಯಾರಿಗೆ ಬೇಕು? "ಅದು ಹಳೆ ಕತೆ. ನಿನ್ನ ಒಬ್ಬಳ ಹಟಕ್ಕೆ ಮುನ್ನೂರು ಮನೆಯ ಮಕ್ಕಳನ್ನು ನೀರಲ್ಲಿ ಹಾಕ್ತೀಯಾ? ಎಲ್ಲಾದ್ರೂ ಹೋಗಿ ಚೆಂಡು ಒದೀಲಿಕ್ಕೆ ನಿಂಗೆ ಕಷ್ಟ ಎಂತದ್ದು?" ಎಂದು ನನ್ನ ಮುಖಕ್ಕೇ ಹೇಳಿದಳು. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ನನ್ನ ತಾಯಿ ನನ್ನ ಪಕ್ಕದಲ್ಲಿ ನಿಂತಿದ್ದಳು. ಅವಳು ಹೇಳಿದ್ದು ಇಷ್ಟೇ: "ನಿನ್ನ ಗೋಡೆಯ ಹಿಂದೆ ನಾನು ಮಲಗುದು ಹೇಗೆ ಮಗಾ? ಗಾಳಿ ಬಂದ ದಿನ ಅದು ನಿಲ್ಲಲಿ ಅಂತ ದುವಾ ಮಾಡುದಾ, ಬೀಳ್ಲಿ ಅಂತ ಮಾಡುದಾ?" ಮಧ್ಯಸ್ಥನ ಹತ್ತಿರ ಮರುದಿನದ ಇಳಿತದವರೆಗೆ ಸಮಯ ಕೊಡಿ ಎಂದು ಕೇಳಿ ಮನೆಗೆ ಬಂದೆ. ಸಹಿ ಹಾಕುವುದೇ ಸರಿ ಎಂದು ನಾಲ್ಕು ಸಲ ತೀರ್ಮಾನಿಸಿದೆ, ನಾಲ್ಕು ಸಲ ಬಿಟ್ಟೆ.

ಮರುದಿನ ಮೈದಾನಕ್ಕೆ ಹೋದಾಗ ಬೀಪಾತುಮ್ಮ ಗೋಡೆಯ ಮೇಲೆ ಇದ್ದರು. ಕೈಯಲ್ಲಿ ಹಾರೆ. ಸಂದಿಗೆ ಹಾರೆ ತೂರಿಸಿ ಮೀಟುತ್ತಿದ್ದರು, ತಾವೇ ತುಂಬಿದ ಗಾರೆ ಗಟ್ಟಿಯಾಗಿ ಕುಳಿತಿತ್ತು, ಬಿಡುತ್ತಿರಲಿಲ್ಲ. ಬೈಯುತ್ತಿದ್ದರು, ಯಾರನ್ನು ಎಂದು ಹೇಳಲಾರೆ. ಕರಾರಿನಲ್ಲಿ ಗೋಡೆ ಬೀಳುವುದು ಎಂದು ಬರೆದಿದೆ, ಯಾರಿಂದ ಬೀಳಬೇಕು ಎಂದು ಬರೆದಿಲ್ಲ. ಸಮುದ್ರದ ಎದುರು ಕುಳಿತು ತಮ್ಮ ಗೋಡೆಯನ್ನು ತಾವೇ ಕೆಡಹುವ ಜನ ಇರಬಹುದು ಎಂದು ಬಂಡೆಕೋಟೆಯ ವಕೀಲರಿಗೆ ಕನಸಿನಲ್ಲೂ ಹೊಳೆದಿರಲಿಕ್ಕಿಲ್ಲ. ಮಧ್ಯಸ್ಥ ಕಣ್ಣು ಕಣ್ಣು ಬಿಟ್ಟುಕೊಂಡು ನಿಂತಿದ್ದ. ನಾನು ಅವನ ಕೈಗೆ ಕಾಗದ ಕೊಟ್ಟೆ, ಸಹಿ ಇಲ್ಲದ ಕಾಗದ. ಏಳುನೂರು ಮಾರು ಎಂದ. ನಾನು ಏಣಿ ಹತ್ತಿದೆ. ಎಂಟುನೂರು ಎಂದ. ಬೀಪಾತುಮ್ಮ ಮೇಲಿನಿಂದ ಕೂಗಿದರು, "ಅವನತ್ರ ಇನ್ನೊಂದು ಹಾರೆ ಉಂಟಾ ಕೇಳು, ಇದು ಬಗ್ಗಿತು."

ಮೊದಲ ದಿನ ಇಬ್ಬರೇ. ಎರಡನೇ ದಿನ ನಮ್ಮ ತಂಡದ ಉಳಿದ ಹತ್ತು ಜನರೂ ಬಂದರು. ಮೂರನೇ ದಿನ ವಾಮನ ಕರ್ಕೇರರು ಬಂದು ತಮ್ಮ ಮನೆಯ ಎದುರಿನ ಕಲ್ಲನ್ನು ತಾವೇ ಉರುಳಿಸಿದರು. ಸಿಸಿಲ್ಯಾ ಬಾಯಿ ಬರಲಿಲ್ಲ. ಇವತ್ತಿಗೂ ನನ್ನ ಹತ್ತಿರ ಮಾತಾಡುವುದಿಲ್ಲ, ಅದಕ್ಕೆ ಅವಳನ್ನು ದೂರುವುದೂ ಇಲ್ಲ. ನಾಲ್ಕನೇ ದಿನದ ಇಳಿತಕ್ಕೆ ಗೋಡೆ ನೆಲಸಮವಾಯಿತು. ಹುಣ್ಣಿಮೆಯ ಉಬ್ಬರಕ್ಕೆ ನೀರು ಒಳಗೆ ಬಂತು. ಹನ್ನೆರಡು ಮನೆ ಬಿಚ್ಚಿ ಹಿಂದೆ ಸಾಗಿಸಿದೆವು, ಅರ್ಧ ಮೈದಾನ ಹೋಯಿತು. ನಾಲ್ಕನೇ ಹಿಂದೆಗೆತ ಶುರುವಾಗಿದೆ. ಆದರೆ ನಮ್ಮ ಆಚೆಯೀಚೆಯ ಒಂಬತ್ತು ಊರುಗಳ ಕ್ಲಬ್ಬುಗಳಲ್ಲಿ ಈ ಸಲ ಒಬ್ಬರೂ ಸಹಿ ಹಾಕಲಿಲ್ಲ. ಎಲ್ಲರೂ ಮೂರನೇ ಪುಟ ಓದಿದರು.

ನಿಮ್ಮನ್ನೂ ಒಂದು ಮಾತು ಕೇಳಿಕೊಳ್ಳುತ್ತೇನೆ. ದಾಖಲೆ ಮೊತ್ತ ಎಂದು ಪತ್ರಿಕೆ ಕೂಗಿದಾಗ ಕೂಗಿ, ಬೇಡ ಎನ್ನುವುದಿಲ್ಲ. ಆಟ ಎಂದಮೇಲೆ ಗದ್ದಲ ಬೇಕು. ಆದರೆ ಅಂಗಿ ಹಿಡಿದು ನಿಂತ ಹುಡುಗನ ಮುಖದ ಹಿಂದೆ ಯಾವ ಶರತ್ತು ಇದೆ, ಅವನನ್ನು ಕೊಟ್ಟು ಯಾರ ಮನೆ ಉಳಿಯಿತು, ಅವನು ಮಂಡಿ ಮುರಿದುಕೊಂಡ ದಿನ ಎಲ್ಲಿಗೆ ಹೋಗಬಹುದು ಎಂದು ಕೇಳಿ. ನೀವು ಕೇಳದೆ ಬಿಟ್ಟದ್ದೇ ನಮ್ಮ ಕಾಲಕ್ಕೆ ಕರಾರಾಗಿ ಬಂದಿದೆ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ.

ಘಟ್ಟದ ಕ್ಲಬ್ಬುಗಳು ಗೋಡೆಗಳ ಮೇಲೆ ಕಣ್ಣಿಡಲು ಒಂದು ಯಂತ್ರ ಹಾರಿಸುತ್ತವೆ, ಹಾರುಗಣ್ಣು ಎನ್ನುತ್ತೇವೆ. ಗೋಡೆ ಇಲ್ಲದ್ದನ್ನು ಅದು ನೋಡಿತು. ಗೋಡೆ ಬಿದ್ದ ಒಂಬತ್ತನೇ ದಿನ ಇದಿನಬ್ಬಣ್ಣ ಬಂದರು. ತಲೆ ನರೆತಿತ್ತು, ಕಾಲು ಎಳೆಯುತ್ತಿತ್ತು. ತಾಯಿಯ ಮನೆ ಇದ್ದ ಜಾಗದಲ್ಲಿ ನೀರು ಕಂಡು ನಿಂತರು. ಬೀಪಾತುಮ್ಮ ಹೊಸ ಜಾಗದಿಂದ ಓಡಿ ಬಂದವರು ಮಗನನ್ನು ಮುಟ್ಟಲಿಲ್ಲ, ಕೈ ಹಿಂದೆ ಕಟ್ಟಿಕೊಂಡರು. "ನಾನೇ ಸುಣ್ಣ ಹಚ್ಚಿದ್ದು ಮಗಾ. ಪ್ರತಿ ವರ್ಷ. ನಂಗೆ ಗೊತ್ತಿರ್ಲಿಲ್ಲ. ನೀನು ಒಂದು ಕಾಗದದಲ್ಲಿ ಬರೀಬಾರದಿತ್ತಾ?"

"ಗೋಡೆ ಹಿಂದೆ ಮಲಗಿದ್ದು ನೀನು ಉಮ್ಮ. ಬೀಳಿಸು ಅಂತ ಹೇಗೆ ಬರೀಲಿ?" ಎಂದರು ಇದಿನಬ್ಬಣ್ಣ. "ವರ್ಷಕ್ಕೊಮ್ಮೆ ಹಾರುಗಣ್ಣಿನ ಫೋಟೋ ತೋರಿಸ್ತಿದ್ರು ಅವರು, ಗೋಡೆ ಉಂಟು, ನೀನು ಹೋಗುವ ಹಾಗಿಲ್ಲ ಅಂತ. ಅದರಲ್ಲಿ ಏಣಿ ಮೇಲೆ ನೀನು ಕಾಣ್ತಿದ್ದಿ. ಅಷ್ಟು ಸಾಕಿತ್ತು ನಂಗೆ."

ಆಮೇಲೆ ನಡೆದದ್ದನ್ನು ನಾನು ಬರೆಯುವುದಿಲ್ಲ, ಅದು ಅವರಿಬ್ಬರದು.

ಬಂಡೆಕೋಟೆಯವರು ನಾಳೆ ಒಂಬೈನೂರು ಮಾರಿನ ಕಾಗದ ಹಿಡಿದು ಮತ್ತೆ ಬರುತ್ತಾರಂತೆ. ಬರಲಿ. ಸಮುದ್ರವೂ ಬರಲಿ. ಉಳಿದ ಅರ್ಧ ಮೈದಾನದಲ್ಲಿ ನಮಗೆ ಪಂದ್ಯವಿದೆ, ಇದಿನಬ್ಬಣ್ಣ ರೆಫರಿ, ಎಡ ಬದಿಯಲ್ಲಿ ನಾನಿರುತ್ತೇನೆ.

ಮಿಸ್ರಿಯಾ
ಹೊಸಕೋಡಿ ಕ್ಲಬ್, ಬಿಕರಿಯಾಗದವಳು